ಹಗುರದ ಹಗ್ಗ

ಭೀಮಕ್ಕ ಮೊದಲ ಮಗುವನ್ನು ಹೆತ್ತು ಐದು ತಿಂಗಳಾಗಿತ್ತು, ಅಷ್ಟರಲ್ಲಿ ಕುರಿ ಹೊಡೆದುಕೊಂಡು ಹೊರಡುವ ಕಾಲ ಬಂತು. ಅದು ಎಪ್ಪತ್ತನಾಲ್ಕನೇ ಇಸವಿ, ಸಂಕ್ರಾಂತಿ ಕಳೆದ ವಾರ. ಐ.ಡಿ.ಹಳ್ಳಿ ಸುತ್ತಿನ ಬೀಳುಗಳಲ್ಲಿ ಗರಿಕೆ ಒಣಗಿ ನೆಲಕ್ಕೆ ಅಂಟಿಕೊಂಡಿತ್ತು. ಅವಳ ಗಂಡ ಮುದ್ದಪ್ಪ, ಮೈದುನ ಯತ್ತಪ್ಪ ಇಬ್ಬರೂ ವರ್ಷವರ್ಷ ಈ ಹೊತ್ತಿಗೆ ನೂರಿಪ್ಪತ್ತು ಕುರಿಗಳನ್ನು ಹೊಡೆದುಕೊಂಡು ಶಿರಾ ದಾಟಿ ಮದಲೂರು ಕೆರೆಯ ಕಡೆಗೆ ಹೋಗುತ್ತಿದ್ದರು. ನೀರು ಇಳಿದ ಕೆರೆಯಂಗಳದಲ್ಲಿ ಯುಗಾದಿ ದಾಟುವ ತನಕ ಹಸಿರು ಸಿಗುತ್ತಿತ್ತು. ಬೇಯಿಸಿ ಹಾಕಲು ಅತ್ತೆ ಗಿರಿಯಮ್ಮ ಜೊತೆಗೆ ಹೋಗುವುದು ವಾಡಿಕೆ. ಆ ವರ್ಷ ಗಿರಿಯಮ್ಮನಿಗೆ ಮಂಡಿ ಹಿಡಿದುಕೊಂಡು ನಾಲ್ಕು ಹೆಜ್ಜೆ ಇಡುವುದೂ ಕಷ್ಟವಾಗಿತ್ತು. ಹಾಗಾಗಿ ಭೀಮಕ್ಕನೇ ಕೂಸನ್ನು ಕಟ್ಟಿಕೊಂಡು ಹೊರಡಬೇಕಾಯಿತು.

ಹೊರಡುವ ಹಿಂದಿನ ದಿನ ಗಿರಿಯಮ್ಮ ಅಟ್ಟದಿಂದ ಜೋಲಿ ಕಟ್ಟುವ ಹಗ್ಗಗಳನ್ನು ಇಳಿಸಿ ತರಿಸಿದಳು. ಆಡಿನ ಕೂದಲು ಹೊಸೆದು ಮಾಡಿದ, ಹೆಬ್ಬೆರಳು ಗಾತ್ರದ ಎರಡು ಹಗ್ಗ. ಒಂದೊಂದರ ತುದಿಗೂ ಅಂಗೈಯಗಲದ ಕಂಬಳಿಪಟ್ಟಿ ಹೊಲಿದಿತ್ತು. ಮರಕ್ಕೆ ಸುತ್ತುವುದು ಆ ಪಟ್ಟಿಯನ್ನು. ಎರಡು ಮರಗಳ ನಡುವೆ ಎಳೆದು ಕಟ್ಟಿ, ಮಧ್ಯದಲ್ಲಿ ಹಳೆಯ ಸೀರೆ ಇಳಿಬಿಟ್ಟರೆ ಜೋಲಿಯಾಗುತ್ತಿತ್ತು. ನೆಲದ ಮೇಲಿನ ಇರುವೆ, ಚೇಳು, ಬೀದಿನಾಯಿ ಯಾವುದರ ಭಯವೂ ಇಲ್ಲದೆ ಕೂಸು ಅದರಲ್ಲಿ ಮಲಗುತ್ತಿತ್ತು.

“ನಿನ್ ಗಂಡಾನೂ ಯತ್ತಾನೂ ಇದ್ರಲ್ಲೇ ಬೆಳ್ದೋರು ಕಣಮ್ಮ. ಭಾರ ಅಂತ ಎಲ್ಲಾದ್ರೂ ಬುಟ್‌ಬುಟ್ಟೀಯ” ಅಂದಳು ಗಿರಿಯಮ್ಮ.

ಭಾರವೇನೋ ನಿಜವಾಗಿಯೂ ಇತ್ತು. ಭೀಮಕ್ಕನ ತಲೆಯ ಮೇಲೆ ಹಿಟ್ಟಿನ ಚೀಲ, ಅದರ ಮೇಲೆ ಪಾತ್ರೆಯ ಗಂಟು, ಗಂಟಿನ ಮೇಲೆ ಸುರುಳಿ ಸುತ್ತಿದ ಈ ಹಗ್ಗ. ಸೊಂಟದಲ್ಲಿ ಕೂಸು. ಬಾಣಂತನದ ನೆಣ ಇನ್ನೂ ಇಳಿಯದ ಮೈ. ಗಂಡಸರಿಬ್ಬರೂ ಹಸಿಮರಿಗಳನ್ನು ಹೆಗಲ ಮೇಲೆ ಹಾಕಿಕೊಂಡು ಮಂದೆಯ ಹಿಂದೆ ಮುಂದೆ ಓಡಾಡುತ್ತಿದ್ದುದರಿಂದ ಅವರಿಗೆ ಹೇರುವ ಹಾಗೂ ಇರಲಿಲ್ಲ. ಮೊದಲ ದಿನ ಸಂಜೆಗೇ ಅವಳ ಕುತ್ತಿಗೆ ಮರಗಟ್ಟಿತು. ಎರಡನೆಯ ದಿನ ಒಂದು ಹಳ್ಳ ದಾಟುವಾಗ ಕಾಲು ಜಾರಿ ಗಂಟು ನೀರಿಗೆ ಬಿತ್ತು. ಕೂದಲ ಹಗ್ಗವೂ ಕಂಬಳಿಪಟ್ಟಿಯೂ ನೀರು ಕುಡಿದು ಇಮ್ಮಡಿ ತೂಕವಾದವು. ಕೂಸನ್ನು ಎದೆಗೊತ್ತಿಕೊಂಡು ಅವಳು ದಂಡೆಯ ಮೇಲೆ ಕುಳಿತು ಅತ್ತುಬಿಟ್ಟಳು.

ಯತ್ತಪ್ಪ ಅದನ್ನು ನೋಡಿದ. ಅಣ್ಣನಿಗಿಂತ ಆರು ವರ್ಷ ಚಿಕ್ಕವನು, ಇಪ್ಪತ್ತಮೂರರ ಆಳು. ಮಾತು ಕಡಿಮೆ. ಕುರಿ ತಡೆಯುವ ಬಲೆ ಕಟ್ಟುವುದಿರಲಿ, ಮೂಟೆ ಬಿಗಿಯುವುದಿರಲಿ, ಹಗ್ಗದ ಕೆಲಸ ಅಂದರೆ ಊರಲ್ಲಿ ಅವನ ಕೈಯೇ ಕೈ. ಅವನು ಕಟ್ಟಿದ್ದು ಎಷ್ಟು ಜಗ್ಗಿದರೂ ಬಿಚ್ಚುತ್ತಿರಲಿಲ್ಲ, ಬಿಚ್ಚಬೇಕೆಂದಾಗ ಮಾತ್ರ ಅವನ ಒಂದು ಬೆರಳಿಗೆ ಸಡಿಲವಾಗುತ್ತಿತ್ತು.

“ಶಿರಾದಾಗೆ ಈಗ ಹಗುರಾದ ಹಗ್ಗ ಬಂದವಂತೆ ಅತ್ಗೆ. ನೋಡಾನ ಬುಡು” ಅಂದ.

ನಾಲ್ಕನೆಯ ದಿನ ಶಿರಾ ಮುಟ್ಟಿದರು. ಮುದ್ದಪ್ಪ ಮಂದೆಯೊಂದಿಗೆ ಊರಾಚೆಯ ತೋಪಿನಲ್ಲಿ ನಿಂತ. ಅತ್ತಿಗೆ ಮೈದುನ ಇಬ್ಬರೂ ಉಪ್ಪು ಮೆಣಸಿನಕಾಯಿಗೆಂದು ಪೇಟೆಗೆ ಹೋದರು. ಹಗ್ಗದಂಗಡಿಯ ಸಾಹೇಬರು ವಯಸ್ಸಾದವರು, ಬಿಳಿಗಡ್ಡ. ಕೂಸನ್ನು ನೋಡಿದವರೇ ಜೋಲಿಗೆ ಅಂದರೆ ಬಲು ಜವಾಬ್ದಾರಿಯ ಕೆಲಸ ಎಂದು ಒಳಗಿನಿಂದ ಒಂದೊಂದೇ ಸುರುಳಿ ತಂದು ಮುಂದೆ ಹಾಕಿದರು.

ಕತ್ತಾಳೆ ನಾರಿನದು ಗಟ್ಟಿ, ಆದರೆ ಕೈ ಕೊಯ್ಯುವಷ್ಟು ಒರಟು. ನೂಲಿನದು ಮೆತ್ತಗೆ, ನೆನೆದರೆ ಬಿಗಿದುಕೊಂಡು ಬಿಚ್ಚಲು ಬಾರದು. ಮಂಚಕ್ಕೆ ನೇಯುವ ನವಾರದ ಪಟ್ಟಿಯನ್ನು ಸಾಹೇಬರು ಅಂಗೈ ಮೇಲೆ ಹರಡಿ ತೋರಿಸಿದರು. “ಇದು ತಗೊ ಬೆಹೆನ್. ತೂಕ ಇಲ್ಲ, ಹಲ್ಕಾ. ಆದ್ರೂ ಗಟ್ಟಿ, ಮಜಬೂತು. ಅಗಲ ಇದೆ ನೋಡು, ಮರ ಹಿಡ್ಕೊಳ್ತದೆ, ಜಾರಲ್ಲ.”

ಕೊನೆಗೆ ತಂದದ್ದು ನೈಲಾನ್ ಹಗ್ಗ. ನೀಲಿ ಬಣ್ಣ, ನುಣುಪು, ಕಿರುಬೆರಳಿಗಿಂತ ಸಣ್ಣ. ಭೀಮಕ್ಕ ಅದನ್ನು ಎತ್ತಿಕೊಂಡಾಗ ಕೈಯಲ್ಲಿ ಏನೋ ಇದೆ ಅಂತಲೇ ಅನಿಸಲಿಲ್ಲ. ಹತ್ತು ಮಾರು ಹಗ್ಗ ಮಡಿಸಿದರೆ ಒಂದು ಮುಷ್ಟಿ. ನೆನೆದರೂ ಕೊಡವಿದರೆ ಒಣಗುತ್ತದೆ ಅಂದರು ಸಾಹೇಬರು. ಅದರ ಜೊತೆಗೇ ಇನ್ನೊಂದು ಮಾತೂ ಹೇಳಿದರು. “ಇದು ಬಾವಿಗೆ, ಗಾಡಿಗೆ ಸರಿ. ಕೂಸಿಗೆ ಬೇಡ. ಗಂಟು ನಿಲ್ಲಲ್ಲ ಇದರಲ್ಲಿ.”

“ಸಾಹೇಬ್ರು ಹೇಳಾದು ಸರಿ ಐತೆ ಅತ್ಗೆ. ಆ ನವಾರದ ಪಟ್ಟೀನೆ ತಗಳಾನ” ಅಂದ ಯತ್ತಪ್ಪ.

ಭೀಮಕ್ಕ ಒಪ್ಪಲಿಲ್ಲ. ನವಾರ ಬಿಳಿ, ಮಣ್ಣಾಗುತ್ತದೆ, ಒಗೆಯಬೇಕು, ಒಗೆದದ್ದು ಒಣಗಬೇಕು ಎಂದಳು. ಆ ಕಾರಣಗಳೆಲ್ಲ ಸುಳ್ಳಲ್ಲ. ಆದರೆ ಒಳಗಿನ ಮಾತು ಬೇರೆ ಇತ್ತು. ಮದುವೆಯಾಗಿ ಬಂದ ಎರಡು ವರ್ಷದಲ್ಲಿ ಆ ಮನೆಯ ಯಾವ ವಸ್ತುವನ್ನೂ ಅವಳು ಆರಿಸಿರಲಿಲ್ಲ. ಮೊರ, ಮಡಕೆ, ಉಡುವ ಸೀರೆ ಎಲ್ಲವೂ ಅತ್ತೆ ಆರಿಸಿದ್ದು. ನೀಲಿ ಹಗ್ಗ ಅವಳ ಕಣ್ಣಿಗೆ ಹತ್ತಿತ್ತು. ಯತ್ತಪ್ಪ ಮತ್ತೆ ಎದುರಾಡದೆ ಅದನ್ನೇ ಕೊಡಿಸಿದ. ಹಳೆಯ ಕೂದಲ ಹಗ್ಗವನ್ನು ತಿರುಗಿ ಬರುವ ತನಕ ಇಟ್ಟುಕೊಳ್ಳಲು ಸಾಹೇಬರು ಒಪ್ಪಿದರು.

ಮದಲೂರು ಕೆರೆ ಮುಟ್ಟಿದ ದಿನ ಯತ್ತಪ್ಪ ಹೊಸ ಹಗ್ಗದ ಜೊತೆ ಬಹಳ ಹೊತ್ತು ಗುದ್ದಾಡಿದ. ಮೊದಲು ಕಟ್ಟಿದ್ದು ಅವನೇ ಜಗ್ಗಿದಾಗ ಹಾವಿನ ಹಾಗೆ ಜಾರಿಹೋಯಿತು. ಎರಡನೆಯದೂ ಅಷ್ಟೆ. ಆಮೇಲೆ ಮರಕ್ಕೆ ಮೂರು ಸುತ್ತು ಸುತ್ತಿ, ತುದಿಯನ್ನು ಅಡಿಯಿಂದ ಎರಡು ಸಲ ತೂರಿಸಿ, ಗಂಟಿನೊಳಗೆ ಒಂದು ಗೇಣುದ್ದದ ಬೇವಿನ ಕಡ್ಡಿ ಸಿಕ್ಕಿಸಿ ಬಿಗಿದ. ತಾನೇ ಜೋಲಿಯ ಮೇಲೆ ಕುಳಿತು ತೂಗಿ ನೋಡಿದ. ಅಲುಗಲಿಲ್ಲ.

“ಅತ್ಗೆ, ಇಲ್ಲಿ ನೋಡು. ಇದು ನಮ್ ಹಳೇ ಹಗ್ಗದಂಗಲ್ಲ. ಇಂಗೆ ಕಡ್ಡಿ ಸಿಕ್ಕಿಸ್ದೆ ಇದ್ರೆ ಜಾರ್ತೈತೆ. ಜಾಗ ಬದಲಾಯಿಸ್ಬೇಕು ಅಂದ್ರೆ ಒಂದು ಕೂಗು ಹಾಕು, ನಾನೇ ಬತ್ತೀನಿ.”

ಅವಳು ಹೂಂ ಅಂದಳು. ಎರಡು ತಿಂಗಳು ಹಾಗೆಯೇ ನಡೆಯಿತು. ಬೆಳಿಗ್ಗೆ ಮಂದೆ ಬಿಡುವ ಮೊದಲು ಯತ್ತಪ್ಪ ಬಂದು ಎರಡು ತುದಿಗಳನ್ನೂ ಕಟ್ಟಿ, ಕುಳಿತು ನೋಡಿ ಹೋಗುತ್ತಿದ್ದ. ಕೂಸಿಗೆ ರಂಗಕ್ಕ ಅಂತ ಹೆಸರಿಟ್ಟಿದ್ದರು. ಅದು ಚಿಕ್ಕಪ್ಪನ ಮುಖ ಕಂಡರೆ ಬೊಚ್ಚುಬಾಯಿ ಬಿಟ್ಟು ನಗುತ್ತಿತ್ತು.

ಯುಗಾದಿಗೆ ಇನ್ನು ಹತ್ತು ದಿನ ಇದ್ದಾಗ ಅದು ನಡೆಯಿತು. ಕೆರೆ ಏರಿಯ ಕೆಳಗೆ ನಾಲ್ಕೈದು ಹೊಂಗೆಮರ, ಅವುಗಳಲ್ಲಿ ಎರಡರ ನಡುವೆ ಜೋಲಿ. ಮಟಮಟ ಮಧ್ಯಾಹ್ನಕ್ಕೆ ಸ್ವಲ್ಪ ಮುಂಚೆ ನೆರಳು ಸರಿದು ಬಿಸಿಲು ನೇರವಾಗಿ ಕೂಸಿನ ಮುಖಕ್ಕೆ ಬಿತ್ತು. ಭೀಮಕ್ಕ ಮುದ್ದೆಗೆ ಎಸರಿಟ್ಟಿದ್ದಳು. ಗಂಡಸರು ಕೆರೆಯಂಗಳದ ಆಚೆ ತುದಿಯಲ್ಲಿ ಕುರಿಗಳಿಗೆ ನೀರು ಕುಡಿಸುತ್ತಿದ್ದುದು ಕಾಣುತ್ತಿತ್ತು. ಕೂಗಿದರೆ ಕೇಳುವಷ್ಟೇ ದೂರ. ಅವಳು ಕೂಗಲಿಲ್ಲ. ಇಷ್ಟಕ್ಕೆಲ್ಲ ಅವನನ್ನು ಯಾಕೆ ಅಲ್ಲಿಂದ ಓಡಿಸಿಕೊಂಡು ಬರುವುದು ಅಂದುಕೊಂಡಳು. ಎರಡು ತಿಂಗಳು ನೋಡಿದ್ದೇನೆ, ನನಗೂ ಬರುತ್ತದೆ ಅಂದುಕೊಂಡಳು. ಕೂಸನ್ನು ಎತ್ತಿ ಕೆಳಗಿಟ್ಟು, ಮೂಡಲ ಕಡೆಯ ತುದಿ ಬಿಚ್ಚಿ, ನಾಲ್ಕು ಹೆಜ್ಜೆ ಆಚೆಯ ಮರಕ್ಕೆ ಸುತ್ತಿದಳು. ಮೂರು ಸುತ್ತೋ ಎರಡೋ, ಎಸರು ಉಕ್ಕುವ ಸದ್ದಿಗೆ ಅವಸರದಲ್ಲಿ ಗಮನಿಸಲಿಲ್ಲ. ಕಡ್ಡಿ ಸಿಕ್ಕಿಸಲಿಲ್ಲ. ಕೈಯಿಂದ ಒಂದು ಸಲ ಜಗ್ಗಿದಳು. ನಿಂತಿತು. ಕೂಸನ್ನು ಮಲಗಿಸಿ ಒಂದು ತೂಗು ತೂಗಿ ಒಲೆಯ ಕಡೆ ಹೋದಳು.

ಮುದ್ದೆ ತಿರುವುತ್ತಿದ್ದಾಗ ಹಿಂದೆ ಮೆತ್ತಗಿನ ಒಂದು ಸದ್ದು. ಕೂಸಿನ ಕೂಗು ಆಮೇಲೆ ಬಂತು.

ಆ ಮರದ ಕೆಳಗೆ ಬೇರಿನ ಪಕ್ಕ ಕಲ್ಲುಗಳಿದ್ದವು. ಭೀಮಕ್ಕನ ಚೀರಾಟಕ್ಕೆ ಮುದ್ದಪ್ಪ, ಯತ್ತಪ್ಪ ಇಬ್ಬರೂ ಕೆಸರಿನಲ್ಲಿ ಬಿದ್ದೆದ್ದು ಓಡಿ ಬಂದರು. ಕೂಸಿನ ಬಲತೊಡೆ ತಿರುಗಿಕೊಂಡಿತ್ತು. ನೀಲಿ ಹಗ್ಗ ಒಂದು ಮರಕ್ಕೆ ಬಿಗಿಯಾಗಿ, ಇನ್ನೊಂದು ತುದಿ ನೆಲದ ಮೇಲೆ ನೀಟಾಗಿ ಬಿದ್ದಿತ್ತು. ಅದು ಯಾವ ಮರದಿಂದ ಜಾರಿತು ಅನ್ನುವುದಕ್ಕೆ ಯಾವ ಗುರುತೂ ಇರಲಿಲ್ಲ.

ಮುದ್ದಪ್ಪ ತಮ್ಮನ ಕಡೆ ತಿರುಗಿದ. “ಇವತ್ತು ಕಟ್ಟಿದ್ದು ಯಾರ್ಲಾ?”

ಯತ್ತಪ್ಪ ನೆಲದ ಮೇಲಿನ ತುದಿಯನ್ನೇ ನೋಡುತ್ತಿದ್ದ. “ನಾನೇ ಕಣಣ್ಣ” ಅಂದ.

ಮುದ್ದಪ್ಪ ಅವನ ಕೆನ್ನೆಗೆ ಹೊಡೆದ. ಹಿಂದೆ ಎಂದೂ ತಮ್ಮನ ಮೇಲೆ ಕೈ ಮಾಡಿದವನಲ್ಲ. ಎರಡನೆಯ ಏಟಿಗೂ ಯತ್ತಪ್ಪ ಮುಖ ತಿರುಗಿಸಲಿಲ್ಲ. ಭೀಮಕ್ಕ ಕೂಸನ್ನು ಅವುಚಿಕೊಂಡು ಕುಳಿತಿದ್ದಳು. ಬಾಯಿ ತೆರೆದಳು. ಅತ್ತೆಯ ಮುಖ ಕಣ್ಣ ಮುಂದೆ ಬಂತು. ಅಂಗಡಿಯಲ್ಲಿ ಬೇಡ ಅಂದ ಹಗ್ಗವನ್ನೇ ಹಟ ಹಿಡಿದು ತಂದವಳು ತಾನು ಅನ್ನುವುದೂ ನೆನಪಾಯಿತು. ಮೊದಲು ಕೂಸನ್ನು ನೋಡೋಣ, ಆಮೇಲೆ ಹೇಳಿದರಾಯಿತು ಅಂದುಕೊಂಡಳು.

ಹತ್ತಿರದ ಊರಿನಲ್ಲಿ ಮೂಳೆ ಕಟ್ಟುವ ಕಾಡಸಿದ್ದಪ್ಪ ಅಂತ ಒಬ್ಬರಿದ್ದರು. ಯತ್ತಪ್ಪನೇ ಓಡಿಹೋಗಿ ಅವರನ್ನು ಗಾಡಿಯಲ್ಲಿ ಕರೆತಂದ. ಅವರು ಬಿದಿರ ದಬ್ಬೆ ಇಟ್ಟು, ಮೊಟ್ಟೆಬಿಳುಪು ಹಚ್ಚಿ, ಬಟ್ಟೆ ಸುತ್ತಿದರು. “ಎಳೇ ಮೂಳೆ, ಕೂಡ್ಕಂತೈತೆ. ಸೊಂಟದ ಕೀಲಿಗೂ ಪೆಟ್ಟಾದಂಗೈತೆ. ಅದೆಂಗೆ ಬತ್ತದೋ ನಡೆಯೋ ಹೊತ್ತಿಗೆ ತಿಳೀಬೇಕು” ಅಂದರು. ಮೂಳೆ ಕೂಡಿತು. ಕಾಲು ಮಾತ್ರ ಎರಡು ಬೆರಳಷ್ಟು ಗಿಡ್ಡವಾಯಿತು. ರಂಗಕ್ಕ ಎರಡು ವರ್ಷ ತುಂಬಿದ ಮೇಲೆ ಹೆಜ್ಜೆ ಇಟ್ಟಳು. ಪ್ರತಿ ಹೆಜ್ಜೆಗೂ ಬಲಕ್ಕೆ ವಾಲಿಕೊಂಡು.

ಆಮೇಲೆ ಅಂದುಕೊಂಡ ದಿನ ಬರಲೇ ಇಲ್ಲ. ಊರಿಗೆ ಬಂದಾಗ ಗಿರಿಯಮ್ಮ ಮೊಮ್ಮಗಳ ಕಾಲು ಸವರಿ ಸವರಿ ಅತ್ತಳು. ಯತ್ತಪ್ಪನಿಗೆ ಒಂದು ಮಾತೂ ಆಡಲಿಲ್ಲ. ಒಂದು ದಿನ ಕುರಿದೊಡ್ಡಿಯ ಬಲೆ ಕಟ್ಟಲು ಯತ್ತಪ್ಪ ಹಗ್ಗ ಹಿಡಿದಾಗ ಮಾತ್ರ, “ನೀನು ಬುಡಪ್ಪ. ನಿಮ್ಮಣ್ಣ ಕಟ್ತಾನೆ” ಅಂದಳು. ಅವಳು ಮೆಲ್ಲಗೇ ಹೇಳಿದ್ದಳು. ಯತ್ತಪ್ಪ ಹಗ್ಗವನ್ನು ಕೆಳಗಿಟ್ಟ. ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದ ಭೀಮಕ್ಕ ಅದನ್ನೂ ಕಂಡಳು, ಆಗಲೂ ಹೇಳಲಿಲ್ಲ. ಆ ಮುಂಗಾರಿನಲ್ಲಿ ಯತ್ತಪ್ಪ ಪಾವಗಡದ ಕಡೆ ಕೆಲಸ ಸಿಕ್ಕಿದೆ ಎಂದು ಹೊರಟ. ಕುರಿಯಲ್ಲಿ ತನ್ನ ಪಾಲನ್ನೂ ಕೇಳಲಿಲ್ಲ. “ಹಬ್ಬಕ್ಕೆ ಬಾರ್ಲಾ” ಅಂದ ಮುದ್ದಪ್ಪ. ಹೂಂ ಅಂದು ಹೋದ.

ಬರುವುದು ಅಪರೂಪವಾಯಿತು. ಕಡಲೆಕಾಯಿ ಮಿಲ್ಲಿನಲ್ಲಿ ಮೂಟೆ ಹೊರುತ್ತಾನೆ ಅಂತ ತಿಳಿಯಿತು. ಅಲ್ಲೇ ನಾಗಲಮಡಿಕೆ ಕಡೆಯ ಚಿಕ್ಕಲಕ್ಷ್ಮಮ್ಮ ಅನ್ನುವ ಹೆಣ್ಣನ್ನು ಮದುವೆಯಾದ. ಮದುವೆಗೆ ಮುದ್ದಪ್ಪ ಒಬ್ಬನೇ ಹೋಗಿ ಬಂದ. ಯತ್ತಪ್ಪ ಊರಿಗೆ ಬಂದಾಗೆಲ್ಲ ರಂಗಕ್ಕನಿಗೆ ಬಳೆಯೋ ರಿಬ್ಬನ್ನೋ ತರುತ್ತಿದ್ದ. ಬುದ್ಧಿ ಬಲಿತ ಮೇಲೆ ಅವಳು ಅದನ್ನು ಮುಟ್ಟುವುದನ್ನು ನಿಲ್ಲಿಸಿದಳು. ಶಾಲೆಯಲ್ಲಿ ಕುಂಟಿ ಅಂತ ಕರೆಸಿಕೊಂಡು ಬಂದ ಮಗು. ಚಿಕ್ಕಪ್ಪ ಸರಿಯಾಗಿ ಕಟ್ಟದೆ ಹೀಗಾಯಿತು ಅನ್ನುವ ಕಥೆ ಊರಿಗೆಲ್ಲ ಗೊತ್ತಿದ್ದದ್ದು ಅವಳಿಗೂ ಗೊತ್ತಿತ್ತು. ಅವನು ಬಾಗಿಲಿಗೆ ಬಂದರೆ ಅವಳು ಎದ್ದು ಒಳಗೆ ಹೋಗುತ್ತಿದ್ದಳು. ಯತ್ತಪ್ಪ ತಂದದ್ದನ್ನು ಗೂಡಿನಲ್ಲಿಟ್ಟು ಹೋಗುತ್ತಿದ್ದ.

ಎಂಬತ್ತೊಂದರಲ್ಲಿ ಗಿರಿಯಮ್ಮ ಹಾಸಿಗೆ ಹಿಡಿದಳು. ಹೇಳಿ ಕಳಿಸಿದರೂ ಯತ್ತಪ್ಪ ಬರಲಿಲ್ಲ. ಅವಳು ಹದಿನೆಂಟು ದಿನ ಬಾಗಿಲ ಕಡೆ ನೋಡಿಕೊಂಡು ಮಲಗಿದ್ದಳು. ಅವನು ಬಂದದ್ದು ತಿಥಿಗೆ. ಊಟಕ್ಕೂ ನಿಲ್ಲದೆ ಸಂಜೆಯ ಬಸ್ಸಿಗೆ ಹೋದ. ಹೆತ್ತ ತಾಯಿಯ ಮುಖ ನೋಡಲು ಬಾರದವನು ಅಂತ ಜನ ಆಡಿಕೊಂಡರು. ಭೀಮಕ್ಕ ಅನ್ನ ಬಡಿಸುತ್ತ ಎಲ್ಲವನ್ನೂ ಕೇಳಿಸಿಕೊಂಡಳು. ಏಳು ವರ್ಷದ ಹಿಂದೆ ಒಂದು ಮಾತಾಗಿದ್ದದ್ದು ಆಗ ಒಂದು ಬಂಡೆಯಾಗಿತ್ತು. ಅದನ್ನು ಎತ್ತುವ ಶಕ್ತಿ ತನಗಿಲ್ಲ ಅನಿಸಿತು.

ಎಂಬತ್ತಾರರ ಕಾರ್ತಿಕದಲ್ಲಿ ಯತ್ತಪ್ಪನಿಗೆ ಮೂರನೆಯ ಮಗುವಾಯಿತು. ಹೆಸರಿಡುವ ಶಾಸ್ತ್ರಕ್ಕೆ ಬರಲೇಬೇಕು ಅಂತ ಚಿಕ್ಕಲಕ್ಷ್ಮಮ್ಮ ತಾನೇ ಕಾಗದ ಬರೆಸಿದ್ದಳು. ಮುದ್ದಪ್ಪನಿಗೆ ಮಂದೆ ಬಿಟ್ಟು ಹೊರಡಲಾಗಲಿಲ್ಲ. ರಂಗಕ್ಕ ಬರುವುದಿಲ್ಲ ಅಂದಳು. ಭೀಮಕ್ಕ ಒಬ್ಬಳೇ ಮಧುಗಿರಿಗೆ ಬಂದು, ಪಾವಗಡದ ಬಸ್ಸು ಹಿಡಿದು ಹೋದಳು. ಆ ಮನೆಗೆ ಅವಳು ಕಾಲಿಟ್ಟದ್ದು ಅದೇ ಮೊದಲು.

ಮಿಲ್ಲಿನ ಹಿಂದೆ ಸಾಲಾಗಿ ಕಟ್ಟಿದ ಚಪ್ಪಡಿಯ ಮನೆಗಳಲ್ಲಿ ಅದೊಂದು. ನೆಂಟರು ಏಳೆಂಟು ಜನ ಬಂದಿದ್ದರು. ಚಿಕ್ಕಲಕ್ಷ್ಮಮ್ಮನ ತವರಿನವರು ಮರದ ತೊಟ್ಟಿಲು ತಂದಿದ್ದರು, ಜೊತೆಗೆ ತೂಗುಹಾಕಲು ಹೊಸ ಹಗ್ಗ. ಅವಳ ತಂದೆ ಕದರಪ್ಪ ಜಂತಿಯ ಕಡೆ ನೋಡಿ, “ಅಳಿಯಂದ್ರೆ, ಒಂದು ಕೈ ಹಿಡೀರಿ, ಕಟ್‌ಬುಡಾನ” ಅಂದರು.

ಯತ್ತಪ್ಪ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. “ಬ್ಯಾಡ ಮಾವ” ಅಂದ. ಅವರು ತಮಾಷೆ ಅಂದುಕೊಂಡು ಹಗ್ಗವನ್ನು ಅವನ ಕೈಗೆ ಕೊಡಲು ಹೋದರು. ಅವನು ಎರಡು ಹೆಜ್ಜೆ ಹಿಂದೆ ಸರಿದ. “ನನ್ ಮನೇಲಿ ತೊಟ್ಲು ನೇತಾಕೋ ಹಂಗಿಲ್ಲ. ಕೂಸು ನೆಲದ ಮೇಲೆ ಮಲಗ್ತೈತೆ” ಎಂದು ಹಿತ್ತಲ ಕಡೆಗೆ ಹೊರಟುಹೋದ.

ನೆಂಟರು ಮುಖ ಮುಖ ನೋಡಿಕೊಂಡರು. ಚಿಕ್ಕಲಕ್ಷ್ಮಮ್ಮ ಕೂಸನ್ನು ಎತ್ತಿಕೊಂಡು ಭೀಮಕ್ಕನ ಪಕ್ಕ ಬಂದು ಕುಳಿತಳು. “ಏಂ ಚೇಯಾಲಿ ಅಕ್ಕ, ಏನು ಮಾಡಾದು, ಹಿಂದಿನ ಎರಡಕ್ಕೂ ಇಂಗೇ ಮಾಡಿದ್ರು. ಚಾಪೆ ಸುತ್ತ ಇಟ್ಟಿಗೆ ಜೋಡಿಸಿ, ತಾವೇ ಎದ್ದೆದ್ದು ನೋಡ್ತಾರೆ. ಮಿಲ್ಲಿನಾಗೂ ಅಷ್ಟೆ. ಎಷ್ಟು ಮೂಟೆಯಾದ್ರೂ ಹೊರ್ತಾರೆ, ಬಾಯಿ ಮಾತ್ರ ಬೇರೆಯವ್ರು ಕಟ್ಟಬೇಕು. ಕಟ್ಟಿದ್ರೆ ಕೂಲಿ ಜಾಸ್ತಿ ಅಂದ್ರೂ ಮುಟ್ಟಲ್ಲ. ನನ್ ಕೈ ಸರಿ ಇಲ್ಲ ಅಂತಾರೆ. ಏನಾಯ್ತು ಅಂತ ಕೇಳಿದ್ರೆ ಹೇಳಲ್ಲ.”

ಭೀಮಕ್ಕ ಆ ಕೂಸನ್ನು ನೋಡಿದಳು. ಹನ್ನೆರಡು ವರ್ಷ ತಾನು ರಂಗಕ್ಕನ ಕಾಲನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದೆ ಅನ್ನುವುದು ಅವಳಿಗೆ ಆಗ ಹೊಳೆಯಿತು. ಯತ್ತಪ್ಪ ಹೊರಗೆ ಹೋಗಿ ಮನೆ ಮಾಡಿಕೊಂಡಿದ್ದಾನೆ, ಮರೆತಿರುತ್ತಾನೆ, ಗಂಡಸಿಗೇನು, ಅಂತಲೇ ತನ್ನನ್ನು ಸಮಾಧಾನ ಮಾಡಿಕೊಂಡು ಬಂದಿದ್ದಳು. ಅವಳು ಎದ್ದು ಹಿತ್ತಲಿಗೆ ಹೋದಳು.

ಯತ್ತಪ್ಪ ಒಗೆಯುವ ಕಲ್ಲಿನ ಮೇಲೆ ಕುಳಿತಿದ್ದ. ಮೂವತ್ತೈದಕ್ಕೇ ಕಿವಿಯ ಮೇಲಿನ ಕೂದಲು ನರೆತಿತ್ತು. ಅವಳನ್ನು ಕಂಡು ಎದ್ದ.

“ಕೂತ್ಕೊ ಯತ್ತಪ್ಪ. ನಿಂಗೊಂದು ಮಾತು ಹೇಳ್ಬೇಕು.”

“ಹೇಳು ಅತ್ಗೆ.”

“ಅವತ್ತು ಬಿಚ್ಚೋಗಿದ್ದು ನಿನ್ ಗಂಟಲ್ಲ. ಬಿಸ್ಲು ಬಂತು ಅಂತ ನಾನೇ ಒಂದು ತುದಿ ಬಿಚ್ಚಿ ಪಕ್ಕದ ಮರಕ್ಕೆ ಕಟ್ಟಿದ್ದೆ. ಕಡ್ಡೀನೂ ಸಿಕ್ಕಿಸ್ಲಿಲ್ಲ. ಜಾರಿದ್ದು ನನ್ ಗಂಟು.”

ಮಿಲ್ಲಿನಲ್ಲಿ ಕಡಲೆಕಾಯಿ ಒಡೆಯುವ ಯಂತ್ರದ ಸದ್ದು ಒಂದೇ ಸಮ ಬರುತ್ತಿತ್ತು. ಅವನು ಮತ್ತೆ ಕಲ್ಲಿನ ಮೇಲೆ ಕುಳಿತ. ಆಮೇಲೆ ಕೇಳಿದ, “ಯಾವ ತುದಿ?”

“ಮೂಡ್ಲ ಕಡೀದು.”

“ಮೂಡ್ಲ ಕಡೀದು” ಎಂದು ಅವನೂ ಅಂದ. “ಹನ್ನೆರಡು ವರ್ಷದಿಂದ ಆ ತುದೀನೇ ಕಟ್ತಾ ಇದೀನಿ ಅತ್ಗೆ. ಮೂಟೆ ಹೊರುವಾಗ, ಉಣ್ಣುವಾಗ. ಮೂರು ಸುತ್ತು ಹಾಕಿದ್ನಾ, ಎರಡೇ ಹಾಕಿದ್ನಾ. ಕಡ್ಡಿ ಸಿಕ್ಕಿಸಿದ್ದು ನೆಪ್ಪೈತೆ, ಆದ್ರೂ ಬಿಚ್ಚೋಗಿತ್ತಲ್ಲ ಅಂತ. ನನ್ ಕಣ್ಣೇ ನಂಗೆ ಸುಳ್ಳು ಹೇಳ್ತೈತೆ ಅಂದ್ಕಂಡಿದ್ದೆ.”

ಭೀಮಕ್ಕ ಅಳಲು ಶುರುಮಾಡಿದಳು. ಅವನು ಸುಮ್ಮನಿರು ಅನ್ನಲಿಲ್ಲ.

“ಅವ್ವಂಗೆ ಗೊತ್ತಿತ್ತಾ?”

“ಇಲ್ಲ ಕಣಪ್ಪ. ಯಾರ್ಗೂ ಗೊತ್ತಿಲ್ಲ. ನಿಮ್ಮಣ್ಣಂಗೂ.”

“ಅವ್ವ ನಂದೇ ತಪ್ಪು ಅಂದ್ಕಂಡು ಹೋದ್ಲು.” ಅವನು ಅಂಗೈಗಳನ್ನು ಮಂಡಿಯ ಮೇಲಿಟ್ಟುಕೊಂಡು ನೋಡಿದ. “ಹುಷಾರಿಲ್ಲ ಅಂದಾಗ ನಾನು ಮಧುಗಿರಿ ತಂಕ ಬಂದಿದ್ದೆ. ಬಸ್‌ಸ್ಟ್ಯಾಂಡ್‌ನಾಗೆ ಒಂದೊತ್ತು ಕೂತಿದ್ದೆ. ಮಂಚದ ಪಕ್ಕ ಆ ಮಗು ಕುಂಟ್ಕಂಡು ಓಡಾಡ್ತಿರ್ತದೆ, ಅವ್ವ ಅದನ್ನೂ ನೋಡಿ ನನ್ನೂ ನೋಡ್ತಾಳೆ ಅನ್ನಿಸ್ತು. ತಿರುಗಿ ಬಂದ್ಬುಟ್ಟೆ.”

ಅವಳಿಗೆ ಅದು ಗೊತ್ತಿರಲಿಲ್ಲ. ಗೊತ್ತಿರುವ ಹಾಗೂ ಇರಲಿಲ್ಲ.

“ಈಗ್ಯಾಕೆ ಹೇಳ್ದೆ ಅತ್ಗೆ?” ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದು ಕೇಳಿದಂತಿತ್ತು.

“ನಿನ್ ಕೂಸು ನೆಲದ ಮೇಲೆ ಮಲಗಿರೋದು ನೋಡ್ದೆ.”

“ದೊಡ್ಡವಿಬ್ರೂ ನೆಲದ ಮೇಲೇ ಬೆಳೆದ್ವು. ನೀನು ನೋಡಿರ್ಲಿಲ್ಲ, ಅಷ್ಟೆ.”

ಅವನು ಎದ್ದು, ಹಂಡೆಯ ನೀರಿನಿಂದ ಮುಖ ತೊಳೆದುಕೊಂಡು, ಟವಲಿನಿಂದ ಒರೆಸಿಕೊಂಡು ಒಳಗೆ ಹೋದ. ನೆಂಟರಿಗೆ ತಾನೇ ನಿಂತು ಬಡಿಸಿದ. ಭೀಮಕ್ಕನ ಎಲೆಗೂ ಪಾಯಸ ಬಡಿಸಿದ. ತೊಟ್ಟಿಲನ್ನು ಕದರಪ್ಪನವರೇ ಇನ್ನೊಬ್ಬರ ಜೊತೆ ಸೇರಿ ಜಂತಿಗೆ ತೂಗುಹಾಕಿದರು. ಯತ್ತಪ್ಪ ಈ ಸಲ ಬೇಡ ಅನ್ನಲಿಲ್ಲ, ಹತ್ತಿರವೂ ಹೋಗಲಿಲ್ಲ.

ಊರಿಗೆ ಬಂದ ಮರುದಿನ ಬೆಳಿಗ್ಗೆ ಭೀಮಕ್ಕ ಗಂಡನನ್ನೂ ಮಗಳನ್ನೂ ಕೂರಿಸಿಕೊಂಡು ಎಲ್ಲವನ್ನೂ ಹೇಳಿದಳು. ಮುದ್ದಪ್ಪ ಬೈಯಲಿಲ್ಲ. ತನ್ನ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಕೂತಿದ್ದವನು, “ನಾನು ಅವ್ನಿಗೆ ಹೊಡ್ದೆ ಕಣೆ” ಅಂದ. ಎದ್ದು ಕುರಿಗಳ ಹಿಂದೆ ಹೋದವನು ನಾಲ್ಕು ದಿನ ಅವಳೊಡನೆ ಮಾತಾಡಲಿಲ್ಲ. ಐದನೆಯ ದಿನ ಮಂದೆಯನ್ನು ದಾಯಾದಿಯೊಬ್ಬರಿಗೆ ಒಪ್ಪಿಸಿ ಪಾವಗಡಕ್ಕೆ ಹೋದ. ಅಲ್ಲಿ ಅಣ್ಣತಮ್ಮಂದಿರು ಏನು ಮಾತಾಡಿಕೊಂಡರು ಅನ್ನುವುದನ್ನು ಅವನು ಹೇಳಲಿಲ್ಲ, ಅವಳು ಕೇಳಲಿಲ್ಲ.

ರಂಗಕ್ಕ ಹದಿಮೂರು ವರ್ಷದವಳು. ಕೇಳಿ ಮುಗಿದ ಮೇಲೆ ಬಲಗಾಲನ್ನು ಚಾಚಿ ನೋಡಿಕೊಂಡಳು. “ಕಾಲಿಗೆ ನಾನು ಏನೂ ಅನ್ನಲ್ಲವ್ವ. ಬಿದ್ದಿದ್ದು ಬಿದ್ದಿದ್ದೇ, ಯಾರು ಕಟ್ಟಿದ್ರೂ. ಚಿಕ್ಕಪ್ಪ ಬಂದಾಗೆಲ್ಲ ನಾನು ಎದ್ದೋಗ್ತಿದ್ನಲ್ಲ, ನೀನು ಅಲ್ಲೇ ಇರ್ತಿದ್ದೆ. ನೋಡ್ಕಂಡು ಸುಮ್ನಿದ್ಯಲ್ಲ” ಅಂದಳು.



ಮುಂದಿನ ಯುಗಾದಿಗೆ ಯತ್ತಪ್ಪ ಹೆಂಡತಿ ಮಕ್ಕಳ ಸಮೇತ ಬಂದ. ಮೂರು ದಿನ ಇದ್ದ. ಅಣ್ಣನ ಜೊತೆ ದೊಡ್ಡಿ ನೋಡಿದ, ಅವ್ವನನ್ನು ಮಣ್ಣು ಮಾಡಿದ ಗುಡ್ಡೆಗೆ ಹೋಗಿ ಬಂದ. ಊರಿನವರಿಗೆ ಮುದ್ದಪ್ಪನೇ ನಾಲ್ಕು ಜನ ಸೇರಿದ ಕಡೆ ನಿಂತು ನಿಜ ಹೇಳಿಬಿಟ್ಟಿದ್ದ. ಹೆಂಗಸರು ನೀರಿಗೆ ಬಂದ ಭೀಮಕ್ಕನ ಮುಂದೆ ಮಾತು ನಿಲ್ಲಿಸುತ್ತಿದ್ದರು. ಅದನ್ನು ಅವಳು ತಾಳಿಕೊಂಡಳು. ತಾಳಲಾಗದ್ದು ಇನ್ನೊಂದು. ಹಬ್ಬದ ಒಬ್ಬಟ್ಟು ಬಡಿಸುವಾಗ ಯತ್ತಪ್ಪ, “ಸಾಕು, ನೀವೂ ಕೂತ್ಕಳಿ ಅತ್ಗೆ” ಅಂದ. ಮದುವೆಯಾಗಿ ಬಂದ ದಿನದಿಂದ ಅವಳನ್ನು ಒಡಹುಟ್ಟಿದವಳ ಹಾಗೆ ನೀನು ಅನ್ನುತ್ತಿದ್ದವನು. ಮನೆಗೆ ಬಂದ ಮೇಷ್ಟರಿಗೆ ಕೊಡುವ ಮರ್ಯಾದೆಯನ್ನೇ ಅವನು ಅವಳಿಗೆ ಕೊಟ್ಟಿದ್ದ. ಚಿಕ್ಕಲಕ್ಷ್ಮಮ್ಮ ಅದನ್ನು ಗಮನಿಸಲಿಲ್ಲ. ಮುದ್ದಪ್ಪ ಗಮನಿಸಿ ತಲೆ ತಗ್ಗಿಸಿ ಉಂಡ.

ಹೊರಡುವ ದಿನ ರಂಗಕ್ಕ ಬೇಸಿಗೆ ರಜಕ್ಕೆ ಚಿಕ್ಕಪ್ಪನ ಮನೆಗೆ ಹೋಗುತ್ತೇನೆ ಅಂದಳು. ಯತ್ತಪ್ಪ ಅವಳ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡ. ಬಸ್ಸು ನಿಲ್ಲುವ ಕಡೆಗೆ ಅರ್ಧ ಮೈಲಿ ನಡೆಯಬೇಕು. ಚಿಕ್ಕಲಕ್ಷ್ಮಮ್ಮ ಮಕ್ಕಳೊಂದಿಗೆ ಮುಂದೆ ನಡೆದಳು. ಅವನು ಅವಳ ಹೆಜ್ಜೆಗೆ ತನ್ನ ಹೆಜ್ಜೆಯನ್ನು ನಿಧಾನ ಮಾಡಿಕೊಂಡು, ಏನೋ ಹೇಳುತ್ತ ಹೋದ. ರಂಗಕ್ಕ ತಲೆ ಎತ್ತಿ ಅವನ ಮುಖ ನೋಡಿ ಏನೋ ಕೇಳುತ್ತಿದ್ದಳು. ಭೀಮಕ್ಕ ಹೊಲದ ಬದುವಿನವರೆಗೆ ಅವರ ಹಿಂದೆಯೇ ಹೋಗಿ, ಮುಂದೆ ಹೋಗಲು ಯಾರೂ ಕರೆಯದ್ದರಿಂದ ಅಲ್ಲೇ ನಿಂತಳು.